ಡಬ್ಬಿಯೊಳಗಿನ ಸಂಸಾರ

 

ಕೆಲವರು ಸ್ಟಾಂಪ್ ಕೂಡಿಡುತ್ತಾರೆ, ಕೆಲವರು ಹಳೇ ನಾಣ್ಯ ಕೂಡಿಡುತ್ತಾರೆ. ನಮ್ಮ ತರಗತಿಯ ಹುಡುಗರು ಕ್ರಿಕೆಟ್ ಆಟಗಾರರ ಚಿತ್ರ ಕತ್ತರಿಸಿ ನೋಟ್ ಬುಕ್ಕಿನ ಹಿಂದಿನ ಹಾಳೆಗೆ ಅಂಟಿಸುವುದು ನಮಗೆಲ್ಲ ಗೊತ್ತೇ ಇದೆ. (ಗಣಿತದ ಮೇಷ್ಟ್ರಿಗೂ ಗೊತ್ತು.) ನಾನು ಕೂಡಿಡುವುದು ಮನೆಸಾಮಾನು. ನಗಬೇಡಿ. ಹೆಬ್ಬೆರಳಿನಷ್ಟು ಎತ್ತರದ ಮನೆಸಾಮಾನು. ಮಂಚ, ಬೀರು, ತೊಟ್ಟಿಲು, ಬೀಸೋಕಲ್ಲು, ಒರಳು, ಮೊರ, ಗಡಿಗೆ, ಆ ಮನೆಯಲ್ಲಿ ವಾಸ ಮಾಡುವ ಮಂದಿ. ಎಲ್ಲವೂ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಡಬ್ಬಿ ನಮ್ಮ ಅಟ್ಟದ ಮೇಲೆ ಇರುತ್ತದೆ. ಭಾನುವಾರ ಮಧ್ಯಾಹ್ನ ಕೆಳಗೆ ಇಳಿಸುತ್ತೇನೆ, ಜಗುಲಿ ಮೇಲೆ ಹರಡುತ್ತೇನೆ, ಧೂಳು ಒರೆಸಿ ಮತ್ತೆ ಒಳಗಿಡುತ್ತೇನೆ. ಹತ್ತನೇ ತರಗತಿಗೆ ಬಂದಮೇಲೂ ಗೊಂಬೆ ಆಟವೇ ಅಂತ ಅಕ್ಕ ಹಂಗಿಸುತ್ತಾಳೆ. ಆದರೆ ಧೂಳು ಒರೆಸುವಾಗ ಅವಳೂ ಬಂದು ಕೂತುಕೊಳ್ಳುತ್ತಾಳೆ.

ಮೊದಲು ಮಾಡಿದ್ದು ಗೊಂಬೆ. ನಮ್ಮ ಹೊಲದಲ್ಲಿ ಮೆಕ್ಕೆಜೋಳ ಹಾಕುತ್ತಾರೆ. ಎಳೇ ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು ಬರುತ್ತದಲ್ಲ, ಅದನ್ನು ನೋಡಿದ ಯಾವ ಹುಡುಗಿಗಾದರೂ ಜಡೆ ಹಾಕೋಣ ಅನ್ನಿಸುತ್ತದೆ. ತೆನೆಯೇ ಮೈ, ಮೇಲಿನ ಸಿಪ್ಪೆಯೇ ಸೀರೆ. ಒಂದೇ ತೊಂದರೆ ಏನೆಂದರೆ ನಾಲ್ಕು ದಿನಕ್ಕೆ ಕೂದಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಸಿಪ್ಪೆ ಸುಕ್ಕಾಗುತ್ತದೆ. ಸೋಮವಾರ ಮದುಮಗಳಾಗಿದ್ದವಳು ಶುಕ್ರವಾರಕ್ಕೆ ಮುದುಕಿ. ಆಮೇಲೆ ಅವ್ವನ ಹಳೇ ಸೀರೆ ಚಿಂದಿಯಲ್ಲಿ ಗೊಂಬೆ ಕಟ್ಟಿದೆ. ಇವಕ್ಕೆ ವಯಸ್ಸಾಗುವುದಿಲ್ಲ.

ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದಿಂದ ಬರುವ ನನ್ನ ಗೆಳತಿ ನನಗೆ ಒಂದು ಗೊಂಬೆ ಕೊಟ್ಟಿದ್ದಾಳೆ. ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಊರು, ನಮ್ಮ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಪ್ರತಿವರ್ಷ ಫೆಬ್ರವರಿಯಲ್ಲಿ ಜಯಂತಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಗೊಂಬೆಗೆ ಅವಳ ಅಜ್ಜಿಯ ಹಳೇ ಫೇಟಿಯಾದ ತುಂಡಿನಲ್ಲಿ ಲಂಗ, ಕಾಂಚಳಿಯ ತುಂಡಿನಲ್ಲಿ ಕುಪ್ಪಸ. ಎದೆಯ ಮೇಲೆ ಒಂದೇ ಒಂದು ಕನ್ನಡಿ ಹೊಲಿದಿದ್ದಾಳೆ. ದೊಡ್ಡವರ ಬಟ್ಟೆಗೆ ಹಾಕುವ ಕನ್ನಡಿ ಗೊಂಬೆಗೆ ದೊಡ್ಡದಾಗುತ್ತದೆ, ಆದ್ದರಿಂದ ಒಂದೇ ಸಾಕು ಅಂದಳು. ಬಿಸಿಲಿಗೆ ಹಿಡಿದರೆ ನಮ್ಮನೆ ಗೋಡೆ ಮೇಲೆ ಆ ಗೊಂಬೆಯ ಬೆಳಕು ಓಡಾಡುತ್ತದೆ.

ಗೊಂಬೆ ಬಂದಮೇಲೆ ಅವರಿಗೆ ಮಲಗಲು ಮಂಚ ಬೇಡವೇ? ಬೆಂಕಿಪೊಟ್ಟಣ ಇದ್ದರೆ ಅರ್ಧ ಮನೆ ಆದಹಾಗೆ. ಆರು ಖಾಲಿ ಪೊಟ್ಟಣ ಎರಡು ಸಾಲಾಗಿ ಒಂದರ ಮೇಲೊಂದು ಅಂಟಿಸಿ, ಸುತ್ತ ಬಣ್ಣದ ಕಾಗದ ಸುತ್ತಿ, ಒಳಗಿನ ಒಂದೊಂದು ಡ್ರಾಯರಿಗೂ ಹಳೇ ಅಂಗಿಯ ಗುಂಡಿ ಹೊಲಿದರೆ ಬೀರು ತಯಾರು. ಗುಂಡಿ ಹಿಡಿದು ಎಳೆದರೆ ನಿಜವಾಗಿಯೂ ಡ್ರಾಯರು ಹೊರಗೆ ಬರುತ್ತದೆ. ಸುಟ್ಟ ಕಡ್ಡಿ ಜೋಡಿಸಿದರೆ ಏಣಿ. ಪೆನ್ನಿನ ಮುಚ್ಚಳ ಕೊಡಪಾನ. ಮಾತ್ರೆಯ ಹಾಳೆಯ ಬೆಳ್ಳಿ ಬಣ್ಣದ ಗುಳಿ ಇದೆಯಲ್ಲ, ಅದನ್ನು ಕತ್ತರಿಸಿದರೆ ಇಡ್ಲಿ ತಟ್ಟೆ. ಅಜ್ಜಿಗೆ ಬಿ.ಪಿ. ಮಾತ್ರೆ ಇರುವುದರಿಂದ ನಮ್ಮ ಗೊಂಬೆಗಳಿಗೆ ಇಡ್ಲಿ ತಟ್ಟೆಯ ಕೊರತೆ ಇಲ್ಲ.

ಉಳಿದ ಸಾಮಾನು ನೆಂಟರ ಊರುಗಳಿಂದ ಬಂದಿದೆ. ಚನ್ನಗಿರಿ ಕಡೆ ನಮ್ಮ ದೊಡ್ಡಮ್ಮನ ಮನೆ. ಅಲ್ಲಿ ಎಲ್ಲಿ ನೋಡಿದರೂ ಅಡಿಕೆ ತೋಟ. ಬಿದ್ದ ಹಾಳೆಯನ್ನು ನೆನೆಸಿದರೆ ಚರ್ಮದ ಹಾಗೆ ಮೆತ್ತಗಾಗುತ್ತದೆ, ಬೇಕಾದ ಹಾಗೆ ಮಡಚಿ ದಾರ ಕಟ್ಟಿ ಒಣಗಿಸಿದರೆ ಅದೇ ಆಕಾರಕ್ಕೆ ನಿಲ್ಲುತ್ತದೆ. ದೊಡ್ಡಮ್ಮ ಅದರಲ್ಲಿ ನನಗೆ ಮೊರ, ಬುಟ್ಟಿ, ಒಂದು ತೊಟ್ಟಿಲು ಮಾಡಿಕೊಟ್ಟಿದ್ದಾರೆ. ಹೊನ್ನಾಳಿಯಲ್ಲಿ ಸೋದರತ್ತೆ ಇದ್ದಾರೆ, ಅವರ ಮನೆಯಿಂದ ತುಂಗಭದ್ರಾ ಹೊಳೆ ಹತ್ತಿರ. ಹೊಳೆದಂಡೆಯ ಜೇಡಿಯಲ್ಲಿ ಗಡಿಗೆ, ಕುಡಿಕೆ, ಒಲೆ ಮಾಡಿ ನೆರಳಲ್ಲಿ ಒಣಗಿಸಿ ಅತ್ತೆಯ ನೀರೊಲೆಯ ಕೆಂಡದಲ್ಲಿ ಸುಡುತ್ತೇವೆ. ಬರೀ ಎರೆಮಣ್ಣು ಇದಕ್ಕೆ ಬರುವುದಿಲ್ಲ. ಹಸಿಯಿದ್ದಾಗ ಚೆನ್ನಾಗಿಯೇ ಕಾಣುತ್ತದೆ, ಒಣಗುತ್ತಾ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದನ್ನು ನೋಡಿಲ್ಲವೇ, ಅದೇ ಕೆಲಸ.

ಈಗ ಗೊಂಬೆ ಹಬ್ಬದ ವಿಷಯಕ್ಕೆ ಬರುತ್ತೇನೆ. ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಟೀಚರ್ ಒಬ್ಬರು ದಸರಾ ಗೊಂಬೆ ನೋಡಲು ಮಕ್ಕಳನ್ನು ಮನೆಗೆ ಕರೆದಿದ್ದರು. ಅವರು ಮೈಸೂರು ಕಡೆಯವರು. ಏಳು ಮೆಟ್ಟಿಲು, ಮೇಲೆ ಬಿಳಿ ಬಟ್ಟೆ. ಎಲ್ಲಕ್ಕಿಂತ ಮೇಲೆ ರಾಜ ರಾಣಿ. ಅದಕ್ಕೆ ಪಟ್ಟದ ಗೊಂಬೆ ಅನ್ನುತ್ತಾರಂತೆ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಜೋಡಿ. ಪ್ರತಿವರ್ಷ ಹೊಸ ಬಟ್ಟೆ ಉಡಿಸಿ ಮೊದಲು ಅವನ್ನೇ ಕೂರಿಸಬೇಕಂತೆ. ಮೆಟ್ಟಿಲು ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯಲ್ಲೇ ಇರಬೇಕು. ಕೆಳಗಿನ ಮೆಟ್ಟಿಲಲ್ಲಿ ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಅಡುಗೆ ಸಾಮಾನಿನ ಸೆಟ್ಟು, ಶೆಟ್ಟರ ಅಂಗಡಿ. ಶೆಟ್ಟರ ಮುಂದೆ ನಿಜವಾದ ಅಕ್ಕಿ, ಬೇಳೆ ಪುಟ್ಟ ಪುಟ್ಟ ರಾಶಿ ಹಾಕಿದ್ದರು. ನಾನು ಆ ಬೇಳೆ ರಾಶಿ ನೋಡುತ್ತಾ ನಿಂತವಳು ಕೋಸಂಬರಿ ಕೊಡಲು ಕರೆದರೂ ಹೋಗಲಿಲ್ಲ.

ಟೀಚರ್ ಎಷ್ಟೋ ವಿಷಯ ಹೇಳಿದರು. ಚನ್ನಪಟ್ಟಣದವರು ಆಲೆಮರ ಎಂಬ ಮೃದು ಮರವನ್ನು ತಿರುಗಣಿಗೆ ಕೊಟ್ಟು ಗೊಂಬೆ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ದೇವರ ಗೊಂಬೆ ಮಾಡಿ, ಹುಣಸೆ ಬೀಜದ ಅಂಟಿನಿಂದ ಮೈ ಮೆತ್ತಿ ಬಣ್ಣ ಬರೆಯುತ್ತಾರೆ. ಮೈಸೂರು ಅರಮನೆಯಲ್ಲಿ ಗೊಂಬೆಗಳಿಗೆ ಅಂತಲೇ ಗೊಂಬೆತೊಟ್ಟಿ ಇದೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ದೇಶದೇಶದ ಗೊಂಬೆಗಳ ಒಂದು ಸಂಗ್ರಹಾಲಯವನ್ನೇ ತೆರೆದರು. ಇದನ್ನೆಲ್ಲ ಕೇಳಿ ನನ್ನ ತಲೆ ತುಂಬಿಹೋಯಿತು. ಮನೆಗೆ ಬಂದವಳೇ ಅಜ್ಜಿಯನ್ನು ಕೇಳಿದೆ, "ಅಜ್ಜಿ, ನಮ್ಮನೇಲಿ ಯಾಕೆ ಗೊಂಬೆ ಕೂರಿಸಲ್ಲ?"

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. "ನಮ್ಮನೇಲೂ ಕೂರಿಸ್ತೀವಲ್ಲೇ" ಅಂದಳು. "ಮಣ್ಣೆತ್ತಿನ ಅಮಾಸೆಗೆ ಜಗುಲಿ ಮ್ಯಾಲೆ ಇಡೋದು ಏನು? ಗಣಪ್ಪ ಹೋದಮೇಲೆ ಬುಟ್ಟಿಯಾಗೆ ಕುಂತು ಬರೋ ಜೋಕುಮಾರ ಏನು? ಅವ್ಯಾವು ಗೊಂಬೆ ಅಲ್ವಾ? ಅವರದು ಮೆಟ್ಲು ಹತ್ತಿ ಕುಂತಾವೆ, ನಮ್ಮವು ನೆಲಕ್ಕೆ ನಿಂತಾವೆ, ಅಷ್ಟೇ."

ಆಗ ನನಗೆ ಅದು ಸಮಾಧಾನದ ಮಾತು ಅನ್ನಿಸಿತ್ತು. ಅಂದರೆ, ಇಲ್ಲದವರು ಹೇಳಿಕೊಳ್ಳುವ ಮಾತು. ಕಳೆದ ವರ್ಷ ಕನ್ನಡ ಮೇಷ್ಟ್ರು ಮೃಚ್ಛಕಟಿಕದ ಕತೆ ಹೇಳಿದಾಗಲೂ ಅದೇ ನೆನಪಾಯಿತು. ಶೂದ್ರಕ ಬರೆದ ಸಂಸ್ಕೃತ ನಾಟಕ ಅದು. ಹೆಸರಿನ ಅರ್ಥವೇ ಮಣ್ಣಿನ ಬಂಡಿ. ಬಡವನಾದ ಚಾರುದತ್ತನ ಮಗ ರೋಹಸೇನ ಪಕ್ಕದ ಮನೆಯ ಹುಡುಗನ ಚಿನ್ನದ ಆಟಿಕೆ ಬಂಡಿ ನೋಡಿ, ತನಗೆ ಮಣ್ಣಿನದು ಬೇಡ ಅಂತ ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನೇ ಆ ಮಣ್ಣಿನ ಬಂಡಿಗೆ ತುಂಬಿ, ಚಿನ್ನದ ಬಂಡಿ ಮಾಡಿಸಿಕೋ ಅನ್ನುತ್ತಾಳೆ. ತರಗತಿಯಲ್ಲಿ ಎಲ್ಲರೂ ವಸಂತಸೇನೆ ಎಷ್ಟು ಒಳ್ಳೆಯವಳು ಅಂದರು. ನನಗೆ ಮಾತ್ರ ಆ ಮಣ್ಣಿನ ಬಂಡಿಯ ಬಗ್ಗೆ ಯೋಚನೆ. ಅದನ್ನು ಯಾರು ಮಾಡಿದ್ದರು? ಒಬ್ಬರಾದರೂ ಕೂತು ಗಾಲಿ ತಟ್ಟಿರಬೇಕಲ್ಲ. ಹರಪ್ಪ, ಮೊಹೆಂಜೊದಾರೊ ಅಗೆದಾಗ ಸುಟ್ಟ ಮಣ್ಣಿನ ಆಟಿಕೆ ಬಂಡಿಗಳು ಸಿಕ್ಕಿವೆ. ಸಾವಿರಾರು ವರ್ಷದ ಹಿಂದಿನ ಮಕ್ಕಳ ಬಂಡಿ ನೆಲದೊಳಗೆ ಉಳಿದಿದೆ ಅಂದರೆ ಮಣ್ಣು ಅಷ್ಟೇನೂ ಕಡಿಮೆಯದಲ್ಲ.

ಅಜ್ಜಿಯ ಮಾತು ಸಮಾಧಾನದ ಮಾತಲ್ಲ ಅಂತ ನನಗೆ ತಿಳಿದದ್ದು ಜಗಳೂರಿನಲ್ಲಿ.

ನಮ್ಮವ್ವನ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಜಗಳೂರು ಚಿತ್ರದುರ್ಗ ಜಿಲ್ಲೆ, ನಮ್ಮ ಹೊನ್ನಾಳಿ ಚನ್ನಗಿರಿ ಶಿವಮೊಗ್ಗ ಜಿಲ್ಲೆ. ಈಗಲೂ ಅವ್ವ, ಅಪ್ಪ ಜಗಳ ಆಡಿದರೆ "ನಿಮ್ಮ ಶಿವಮೊಗ್ಗದೋರು" "ನಿಮ್ಮ ದುರ್ಗದೋರು" ಅಂತಲೇ ಶುರು. ನಮ್ಮ ಕಡೆ ಚಾನಲ್ಲು, ಹೊಳೆ ಇದೆ. ಅಲ್ಲಿ ಮಳೆ ಬಂದರೆ ಬೆಳೆ. ಅಲ್ಲಿ ನನ್ನ ತಾಯಿಯ ತಂದೆ, ಅಂದರೆ ಅಜ್ಜ, ಮತ್ತು ಸೋದರಮಾವ ಇದ್ದಾರೆ. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಮಾಡಲು ನನಗೆ ಕಲಿಸಿದ್ದು ಇದೇ ಅಜ್ಜ. ದಂಟಿನ ಮೇಲಿನ ಸಿಪ್ಪೆ ಸೀಳಿ ತೆಗೆದರೆ ಅದು ಕಡ್ಡಿ, ಒಳಗಿನ ಬೆಂಡು ಮೈ. ಕಡ್ಡಿಯನ್ನು ಬೆಂಡಿಗೆ ಚುಚ್ಚಿದರೆ ಮೊಳೆಯೂ ಬೇಡ, ಅಂಟೂ ಬೇಡ.

2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ರಾಜ್ಯದ ಬಹುತೇಕ ತಾಲ್ಲೂಕುಗಳಲ್ಲಿ ಬರ ಅಂತ ಸರ್ಕಾರವೇ ಸಾರಿದ ವರ್ಷ ಅದು. ಬೆಳೆ ಇಲ್ಲದಿದ್ದರೆ ಜನಕ್ಕೆ ರೇಷನ್ ಅಕ್ಕಿಯಾದರೂ ಬರುತ್ತದೆ. ಎತ್ತಿಗೆ ದಂಟೂ ಇಲ್ಲ, ಹೊಟ್ಟೂ ಇಲ್ಲ. 2024ರ ಬೇಸಿಗೆ ಬರುವ ಹೊತ್ತಿಗೆ ಮಾವ ಜೋಡಿ ಎತ್ತನ್ನು ಮಾರಿದರು. ಒಂದೊಂದು ಹೊರೆ ಮೇವು ಎಲ್ಲಿಂದಲೋ ದುಡ್ಡು ಕೊಟ್ಟು ತರಿಸಿ ಸಾಕಾಗಿತ್ತು ಪಾಪ. ಅಜ್ಜ ಬೇಡ ಅನ್ನಲಿಲ್ಲವಂತೆ, ಹೂಂ ಅಂತಲೂ ಅನ್ನಲಿಲ್ಲವಂತೆ. ಬೇಸಿಗೆ ರಜೆಗೆ ನಾವು ಹೋದಾಗ ಎತ್ತು ಕಟ್ಟುವ ಜಾಗದಲ್ಲಿ ಮಾವನ ಬೈಕು ನಿಂತಿತ್ತು. ಗೋದಲಿಯಲ್ಲಿ ಎರಡು ಸಿಮೆಂಟ್ ಚೀಲ. ಅಜ್ಜ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬ್ಯಾಟರಿ ಹಿಡಿದು ಹಟ್ಟಿ ಕಡೆ ಹೋಗಿ, ಸ್ವಲ್ಪ ಹೊತ್ತು ನಿಂತು, ಬಂದು ಮತ್ತೆ ಮಲಗುತ್ತಿದ್ದ. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ನನ್ನ ಡಬ್ಬಿಯ ಸುದ್ದಿಯನ್ನೂ ಕೇಳಲಿಲ್ಲ.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಜುಲೈ ಮೊದಲ ವಾರ ಬಂತು. ಅವ್ವನಿಗೆ ತವರಿನ ಚಿಂತೆ, ನನಗೆ ರಜಾ ಅರ್ಜಿಯ ಚಿಂತೆ. ಅಂತೂ ಹೋದೆವು. ಮಾವ, "ಎತ್ತೇ ಇಲ್ಲದ ಮನಿಗೆ ಮಣ್ಣೆತ್ತು ಯಾಕಪ್ಪಾ ಈ ವರ್ಷ?" ಅಂದರು. ಅತ್ತೆಗೂ ಹಾಗೇ ಅನ್ನಿಸಿತ್ತು ಕಾಣುತ್ತದೆ, ಪೇಟೆಯಿಂದ ಮಣ್ಣೆತ್ತು ತಂದಿರಲಿಲ್ಲ. ಅಜ್ಜ ಏನೂ ಹೇಳದೆ ಬುಟ್ಟಿ ತೆಗೆದುಕೊಂಡು ಕೆರೆಗೆ ಹೋದ. ಮಣ್ಣು ತಂದು, ಹರಳು ಆರಿಸಿ, ನೀರು ಹಾಕಿ ತುಳಿದು, ಹಾಸಿಗೆಯ ಒಂದು ಮೂಲೆ ಬಿಚ್ಚಿ ಒಂದು ಹಿಡಿ ಅರಳೆ ಕಿತ್ತು ಅದರೊಳಗೆ ಕಲಸಿದ. ಅರಳೆ ಹಾಕಿದರೆ ಕೊಂಬು ಬಿರಿಯುವುದಿಲ್ಲ. ಅತ್ತೆ ಹಾಸಿಗೆ ನೋಡಿ ಬಾಯಿ ತೆಗೆದವರು ಅವ್ವ ಕಣ್ಣು ಸನ್ನೆ ಮಾಡಿದ್ದಕ್ಕೆ ಸುಮ್ಮನಾದರು.

ನಾನು ಎದುರಿಗೇ ಕೂತಿದ್ದೆ. ಮೊದಲು ಮೈ, ಆಮೇಲೆ ನಾಲ್ಕು ಕಾಲು, ಆಮೇಲೆ ಹಿಣಿಲು, ಕುತ್ತಿಗೆ ಕೆಳಗೆ ಜೋತುಬೀಳುವ ಗಂಗೆದೊಗಲು. ಪೇಟೆಯ ಮಣ್ಣೆತ್ತುಗಳು ಎಲ್ಲ ಒಂದೇ ಥರ ಇರುತ್ತವೆ, ಅಚ್ಚಿನಿಂದ ತೆಗೆದವು. ಅಜ್ಜ ಮಾಡಿದ್ದು ಹಾಗಿರಲಿಲ್ಲ. ಎಡಗಡೆಯದರ ಒಂದು ಕೊಂಬು ಸ್ವಲ್ಪ ಒಳಕ್ಕೆ ಬಾಗಿತ್ತು. ಬಲಗಡೆಯದರ ಬೆನ್ನು ಒಂಚೂರು ತಗ್ಗು. ಅವ್ವ ಬಾಗಿಲಲ್ಲೇ ನಿಂತು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವು ಮಾರಿಹೋದ ಎತ್ತುಗಳೇ ಆಗಿದ್ದವು. ಕಣ್ಣಿಗೆ ಬಿಳಿಜೋಳದ ಕಾಳು ಒತ್ತಿದ, ಮಣ್ಣಿನದೇ ಒಂದು ಪುಟ್ಟ ಗೋದಲಿ ಮಾಡಿ ಮುಂದಿಟ್ಟ. ಆ ಗೋದಲಿಗೆ ನಾಲ್ಕು ಎಳೆ ಹಸಿ ಹುಲ್ಲು ಕತ್ತರಿಸಿ ಹಾಕಿದ.

ಪೂಜೆ ಆಯಿತು, ಹೋಳಿಗೆ ಎಡೆ ಆಯಿತು. ಪೂಜೆಯಾದ ಮಣ್ಣೆತ್ತನ್ನು ನೀರಿಗೆ ಬಿಡುವುದು ಅವರ ಮನೆ ರೂಢಿ. ಮಾರನೇ ದಿನ ಅತ್ತೆ ಮೊರದಲ್ಲಿಟ್ಟುಕೊಂಡು ಹೊರಟರೆ ಅಜ್ಜ ತಡೆದ. ನನ್ನನ್ನು ಕರೆದು, "ಒಂದ್ಸಲ ಕಳಿಸಿದ್ದು ಸಾಕು. ನಿನ್ನ ಡಬ್ಬಿಯಾಗ ಕಟ್ಟಿಕೋ ಹೋಗವ್ವ. ಅಲ್ಲಿ ಮೇವು ಕಮ್ಮಿ ಇದ್ರೂ ನಡಿತೈತಿ" ಅಂದ. ರೂಢಿ ಮುರಿಯಬಾರದು ಅಂತ ಅತ್ತೆ ಗೊಣಗಿದರು. ಕಡೆಗೆ ಮಣ್ಣಿನ ಗೋದಲಿಯನ್ನು ಮಾತ್ರ ನೀರಿಗೆ ಬಿಟ್ಟೆವು. ಎತ್ತುಗಳನ್ನು ನಾನು ನನ್ನ ಸ್ವೆಟರಿನಲ್ಲಿ ಸುತ್ತಿ, ದಾವಣಗೆರೆ, ಹರಿಹರ, ಹೊನ್ನಾಳಿ ಮೇಲೆ ಮೂರು ಬಸ್ಸು ಬದಲಾಯಿಸಿ ಮಡಿಲಲ್ಲಿಟ್ಟುಕೊಂಡೇ ತಂದೆ. ಒಂದು ಕಿವಿಯೂ ಮುರಿಯಲಿಲ್ಲ.

ಎತ್ತು ಬಂದಮೇಲೆ ಬಂಡಿ ಬೇಕು. ಬೆಂಡಿನ ಬಂಡಿ ಈ ಮಣ್ಣೆತ್ತಿನ ಮುಂದೆ ತೀರಾ ಪೀಚಾಗಿ ಕಂಡಿತು.

ನಮ್ಮಪ್ಪ ಬಡಗಿ ಅಂತ ನಿಮಗೆ ಗೊತ್ತು. ಹುಟ್ಟಾ ಬಡಗಿಯಲ್ಲ, ಒಕ್ಕಲು ಮನೆಯವರೇ. ಚಿಕ್ಕಂದಿನಲ್ಲಿ ನ್ಯಾಮತಿಯ ಆಚಾರರೊಬ್ಬರ ಹತ್ತಿರ ಕೆಲಸ ಕಲಿತವರು. ಆಗ ಬಂಡಿ, ಕೂರಿಗೆ, ಕುಂಟೆ, ನೊಗ ಇವೇ ಕೆಲಸ. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಮಾಡುವುದು ಕಿಟಕಿ, ಬಾಗಿಲು, ದೇವರ ಮಂಟಪ. ಈಗ ಅದೂ ರೆಡಿಮೇಡ್ ಬರುತ್ತಿದೆ. ಬಂಡಿ ಕೆಲಸದ ಸಾಮಾನು, ಬಾಚಿ, ದೊಡ್ಡ ಉಳಿಗಳು, ಗೋಣಿಚೀಲದಲ್ಲಿ ಸುತ್ತಿ ನನ್ನ ಡಬ್ಬಿಯ ಪಕ್ಕದಲ್ಲೇ ಅಟ್ಟದ ಮೇಲಿದ್ದವು. ಸಣ್ಣ ಬಂಡಿ ಮಾಡಿಕೊಡಿ ಅಂದರೆ ಅಪ್ಪ ಒಪ್ಪಲಿಲ್ಲ. "ದೊಡ್ಡ ಬಂಡಿ ಬೇಕಾದ್ರೆ ಹೇಳು, ಮರ ಇದ್ರೆ ನಿಲ್ಲಿಸಿಕೊಡ್ತೀನಿ. ಸಣ್ಣದು ಕಷ್ಟ ಕಣೇ" ಅಂದರು. ಸಣ್ಣದು ಸುಲಭ ಅಲ್ಲವೇ, ಮರವೂ ಕಡಿಮೆ ಸಾಕು ಅಂದೆ. ಅದಕ್ಕೆ ಅಪ್ಪ ಹೇಳಿದ್ದು ನಾನು ಮರೆಯುವ ಹಾಗಿಲ್ಲ. "ಬಂಡಿ ಸಣ್ಣದಾಗ್ತೈತೆ, ಮರದ ನರ ಸಣ್ಣದಾಗಲ್ಲ."

ಅಂದರೆ ಹೀಗೆ. ದೊಡ್ಡ ಹಲಗೆಯಲ್ಲಿ ಕಾಣುವ ಗೆರೆ ಚಂದ. ಅದೇ ಮರದಿಂದ ಬೆಂಕಿಕಡ್ಡಿಯಷ್ಟು ತೆಳ್ಳಗೆ ಸೀಳಿದರೆ ಆ ಗೆರೆ ಇರುವಲ್ಲೇ ಮುರಿಯುತ್ತದೆ. ಗೊಂಬೆ ಮಾಡುವವರು ಆಲೆಮರದಂಥ ಒತ್ತಾದ, ನಯವಾದ ಮರ ಹುಡುಕುವುದು ಸುಮ್ಮನೆ ಅಲ್ಲ. ನಮ್ಮ ಕಡೆ ಬಂಡಿಯ ಗಾಲಿಗೆ ಜಾಲಿಮರ ಗಟ್ಟಿ ಅಂತ ಹೆಸರು. ಆದರೆ ನನ್ನ ಅಳತೆಯ ಗಾಲಿಗೆ ಜಾಲಿ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಅಪ್ಪ ತಾವಾಗಿಯೇ ಮಣ್ಣೆತ್ತನ್ನು ಕೈಗೆ ತೆಗೆದುಕೊಂಡು ಟೇಪು ಹಿಡಿದರು. ಕೆಲಸ ಇಲ್ಲದ ವಾರ ಅದು. ಹಿಣಿಲಿನ ತನಕ ನಾಲ್ಕೂವರೆ ಇಂಚಿಗೆ ಒಂದು ಕೂದಲು ಕಮ್ಮಿ. ಮತ್ತೊಂದು ಸಲ ಅಳೆದರು. ಅಜ್ಜನ ಎತ್ತುಗಳನ್ನು ಅಪ್ಪ ಮದುವೆಯಾದಾಗಿನಿಂದ ನೋಡಿಲ್ಲವಾದರೂ ಇಂಥ ಎತ್ತು ಎಷ್ಟು ಎತ್ತರ ಇರುತ್ತದೆ ಅಂತ ನೊಗ ಮಾಡಿದವರಿಗೆ ಗೊತ್ತು. "ನಾಲ್ಕೂವರೆ ಅಡಿ ಎತ್ತು. ಅಡಿಗೆ ಒಂದು ಇಂಚು ಹಿಡಿದಾನೆ ನೋಡು ನಿಮ್ಮಜ್ಜ. ಟೇಪೂ ಇಲ್ಲ ಏನೂ ಇಲ್ಲ, ಬರೀ ಕಣ್ಣಳತೆ" ಅಂದರು. ಆಮೇಲೆ ಅಟ್ಟ ಹತ್ತಿ ಗೋಣಿಚೀಲ ಇಳಿಸಿದರು.

ಗುರುಗಳಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಈ ಅಡಿಗೆ ಒಂದು ಇಂಚು ಅನ್ನುವ ಲೆಕ್ಕ ಜಗತ್ತಿನಲ್ಲೆಲ್ಲ ಗೊಂಬೆಮನೆ ಮಾಡುವವರ ಲೆಕ್ಕವಂತೆ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ ರಾಣಿ ಮೇರಿಯ ಗೊಂಬೆಮನೆ ಅಂತ ಇದೆ. 1924ರಲ್ಲಿ ಮುಗಿದದ್ದು, ಸಾವಿರಕ್ಕೂ ಹೆಚ್ಚು ಕಲಾವಿದರು, ಕುಶಲಕರ್ಮಿಗಳು ಸೇರಿ ಮಾಡಿದ್ದು. ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ, ಲಿಫ್ಟ್ ಓಡಾಡುತ್ತದೆ. ಪುಟ್ಟ ಗ್ರಂಥಾಲಯ ಇದೆ, ಅದಕ್ಕೆಂದೇ ಷರ್ಲಾಕ್ ಹೋಮ್ಸ್ ಕತೆಗಾರ ಕಾನನ್ ಡಾಯ್ಲ್ ಒಂದು ಪುಟಾಣಿ ಕತೆ ಬರೆದುಕೊಟ್ಟಿದ್ದಾರೆ. ಆ ಮನೆಯ ನಕ್ಷೆ ಮಾಡಿದವರು ಎಡ್ವಿನ್ ಲಟ್ಯೆನ್ಸ್. ದೆಹಲಿಯಲ್ಲಿ ಈಗ ನಮ್ಮ ರಾಷ್ಟ್ರಪತಿಗಳು ಇರುವ ಭವನದ ನಕ್ಷೆಯೂ ಅವರದೇ. ಅಷ್ಟು ದೊಡ್ಡ ಭವನ ಕಟ್ಟಿಸಿದವರು ಅದೇ ಕಾಲದಲ್ಲಿ ಇಂಚು ಲೆಕ್ಕದ ಮನೆಯ ಮುಂದೆಯೂ ಕೂತಿದ್ದರು. ಆ ಗೊಂಬೆಮನೆಯ ಚಿತ್ರ ನೋಡಿದೆ, ಬಹಳ ಚೆನ್ನಾಗಿದೆ. ಅಲ್ಲಿ ಮೋಟಾರು ಕಾರುಗಳಿವೆ. ಎತ್ತಿನ ಬಂಡಿ ನನಗಂತೂ ಕಾಣಲಿಲ್ಲ.

ಅಪ್ಪನಿಗೆ ಬಂಡಿ ಮುಗಿಸಲು ಇಪ್ಪತ್ತಮೂರು ರಾತ್ರಿ ಬೇಕಾಯಿತು. ಒಂದೊಂದು ಗಾಲಿಗೆ ನಡುವೆ ಒಂದು ಗುಂಬ, ಅದಕ್ಕೆ 12 ಆರೆ, ಸುತ್ತಲೂ ಬಾಗಿದ 6 ತುಂಡು. ಒಂದೊಂದು ತುಂಡಿಗೆ ಎರಡೆರಡು ಆರೆ ಕೂರಬೇಕು. ಆರೆಗಳನ್ನು ಬಿದಿರಿನಲ್ಲಿ ಸೀಳಿದರು, ಗುಂಬಕ್ಕೆ ಮೊದಲು ತೂತು ಕೊರೆದಾಗ ಮೂರು ಸಲ ಸೀಳು ಬಿಟ್ಟಿತು. ನಾಲ್ಕನೆಯದು ನಿಂತಿತು. ದೊಡ್ಡ ಗಾಲಿಗೆ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಸಿ ತೊಡಿಸಿ ತಕ್ಷಣ ನೀರು ಹೊಯ್ಯುತ್ತಾರೆ. ಕಾದಾಗ ಹಿಗ್ಗಿದ ಹಳಿ ತಣ್ಣಗಾದಾಗ ಕುಗ್ಗಿ ಮರವನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಓದಿದ್ದೇವಲ್ಲ, ಅದೇ. ನನ್ನ ಗಾಲಿಗೆ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಫೆವಿಕಾಲ್ ಹಚ್ಚಿ ಸುತ್ತಿದರು. ಇದು ಮೋಸ ಅಂತ ಅಪ್ಪ ತಾವೇ ಅಂದುಕೊಂಡರು. ಮೂಕಿ, ಅಚ್ಚು, ನೊಗ ಸಾಗುವಾನಿಯಲ್ಲಿ ಆದವು. ನೊಗಕ್ಕೆ ಅವ್ವ ಹಳೇ ಚಪ್ಪಲಿಯ ಚರ್ಮದಲ್ಲಿ ಜೊತ್ತಿಗೆ ಕತ್ತರಿಸಿದಳು. ಗಾಲಿ ಅಚ್ಚಿನಿಂದ ಕಳಚದ ಹಾಗೆ ತಡೆಯುವ ಕಡಾಣಿಗೆ ಗುಂಡುಪಿನ್ನು. ಆ ಇಪ್ಪತ್ತಮೂರು ರಾತ್ರಿ ಅಪ್ಪ ಬಂಡಿ ಬಗ್ಗೆ ಆಡಿದ ಮಾತು ಅದಕ್ಕೆ ಮೊದಲು ಹದಿನಾಲ್ಕು ವರ್ಷದಲ್ಲಿ ನನ್ನ ಹತ್ತಿರ ಆಡಿರಲಿಲ್ಲ.

ಸಂಕ್ರಾಂತಿ ಆದಮೇಲೆ ದಾವಣಗೆರೆಯಿಂದ ಒಬ್ಬರು ಕಿಟಕಿ ಅಳತೆ ಕೊಡಲು ಬಂದರು. ಜಗುಲಿ ಮೇಲೆ ಬಂಡಿ, ಎತ್ತು ನೋಡಿ ಅಲ್ಲೇ ಕೂತುಬಿಟ್ಟರು. ಷೋಕೇಸಿಗೆ ಬೇಕು, ಎರಡು ಸಾವಿರ ಕೊಡ್ತೀನಿ ಅಂದರು. ಅಕ್ಕನ ಕಾಲೇಜು ಹಾಸ್ಟೆಲಿಗೆ ದುಡ್ಡು ಕಟ್ಟುವ ತಿಂಗಳು ಅದು. ಅವ್ವ ಅಡುಗೆ ಮನೆ ಬಾಗಿಲಿಗೆ ಬಂದು ನಿಂತಳು. ಅಪ್ಪ ನನ್ನ ಮುಖ ನೋಡಿದರು. "ಎತ್ತು ಅಜ್ಜನವು, ಕೊಡೋಕೆ ಬರಲ್ಲ. ಬಂಡಿ ನಿಮ್ಮದು ಅಪ್ಪಾ" ಅಂದೆ. ಹಾಗೆ ಹೇಳುವಾಗ ನನ್ನ ಗಂಟಲು ಒಣಗಿತ್ತು. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಎತ್ತು ಬಿಟ್ಟು ಬಂಡಿ ಹೋಗಲ್ಲ ಸಾರ್. ಇಂಥದ್ದೇ ಇನ್ನೊಂದು ಮಾಡಿಕೊಡ್ತೀನಿ, ಎರಡು ತಿಂಗಳು ಟೈಮ್ ಕೊಡ್ರಿ" ಅಂದರು. ಅವರು ಐನೂರು ಅಡ್ವಾನ್ಸ್ ಕೊಟ್ಟು ಹೋದರು. ಆ ರಾತ್ರಿ ಅವ್ವ ಅಪ್ಪನ ಜೊತೆ ಮಾತಾಡಲಿಲ್ಲ. ಹಾಸ್ಟೆಲಿನ ದುಡ್ಡಿಗೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. ಅದನ್ನು ಈಗಲೂ ವಾರವಾರ ಕಟ್ಟುತ್ತಿದ್ದೇವೆ. ಅವ್ವನ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ.

2025ರ ಯುಗಾದಿಗೆ ಬಂಡಿ ತೆಗೆದುಕೊಂಡು ಜಗಳೂರಿಗೆ ಹೋದೆವು. ಅಪ್ಪ ಮಾವನ ಮನೆಗೆ ಹೋಗುವುದು ಅಪರೂಪ, ಈ ಸಲ ಮೊದಲೇ ತಯಾರಾಗಿ ನಿಂತಿದ್ದರು. ಬೇವುಬೆಲ್ಲ ಆದಮೇಲೆ ಅಜ್ಜನ ಮುಂದೆ ಚಾಪೆ ಮೇಲೆ ಎತ್ತು ನಿಲ್ಲಿಸಿ, ನೊಗ ಇಟ್ಟು, ಜೊತ್ತಿಗೆ ಕಟ್ಟಿದೆ. ಅಜ್ಜ ಕನ್ನಡಕ ಹಾಕಿಕೊಂಡು ಬಗ್ಗಿದ. ಮೊದಲು ಗಾಲಿ ತಿರುಗಿಸಿದ. ಆರೆ ಎಣಿಸಿದ, ಎರಡೂ ಗಾಲಿಯದು. ಗುಂಡುಪಿನ್ನಿನ ಕಡಾಣಿ ಮುಟ್ಟಿ ನೋಡಿ ತಲೆ ಆಡಿಸಿದ. ಆಮೇಲೆ ನೊಗದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಸುಮ್ಮನಿದ್ದ.

"ಅಳಿಯಂದ್ರೇ, ನೊಗ ಗಿಡ್ಡ ಆಗೈತಿ" ಅಂದ.

ಅಪ್ಪ ತಮ್ಮ ಕೆಲಸದಲ್ಲಿ ಯಾರು ಹುಳುಕು ತೆಗೆದರೂ ಕೇಳುವವರಲ್ಲ. ನನಗೆ ಎದೆ ಢವಢವ ಅಂದಿತು.

"ಅಡಿಗೆ ಇಂಚು ಸರಿಯಾಗೇ ಹಿಡಿದೀನಿ ಮಾವಾರೇ."

"ಅಳತಿ ಸರಿ ಐತಿ. ಎತ್ತು ನೋಡ್ರಿ. ಎಡಗಡೀದು ಮೈ ಅಗಲ, ಮೊದ್ಲಿಂದ ಹಂಗೇ. ಈ ನೊಗ ಹಾಕಿದ್ರ ನಡೀವಾಗ ಅದರ ಪಕ್ಕಿ ಮೂಕಿಗೆ ತಿಕ್ತೈತಿ. ನಾಲ್ಕು ಹರದಾರಿ ಹೋಗಾದ್ರಾಗ ಹುಣ್ಣಾಗ್ತೈತಿ. ನಮ್ಮ ನೊಗ ಅದಕ್ಕೇ ಉದ್ದ ಹಾಕಿಸಿದ್ದು ನಾನು."

ಅಲ್ಲಿಂದ ಶುರುವಾದ ಮಾತು ಊಟಕ್ಕೆ ಕರೆದರೂ ನಿಲ್ಲಲಿಲ್ಲ. ಆ ನೊಗ ಯಾವ ಮರದ್ದು, ಎಲ್ಲಿ ಕೊಯ್ಸಿದ್ದು, ಎಡಗಡೆಯದನ್ನು ಯಾವ ಜಾತ್ರೆಯಲ್ಲಿ ಎಷ್ಟಕ್ಕೆ ತಂದದ್ದು, ಬಲಗಡೆಯದು ಕರುವಾಗಿದ್ದಾಗ ಬಾವಿಗೆ ಬಿದ್ದು ಎತ್ತಿದ್ದು. ಮಾವ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು, ಒಳಗೆ ಬರಲಿಲ್ಲ. ಅತ್ತೆ ಎರಡು ಸಲ ಹೋಳಿಗೆ ಬಿಸಿ ಮಾಡಿದರು.

ಹೊರಡುವಾಗ ಅಪ್ಪ ಬಂಡಿಯಿಂದ ನೊಗ ಬಿಚ್ಚಿ ತಮ್ಮ ಅಂಗಿ ಜೇಬಿಗೆ ಹಾಕಿಕೊಂಡರು. ಅಜ್ಜ ಒಂದು ಜೋಳದ ಕಡ್ಡಿಯನ್ನು ಎತ್ತುಗಳ ಕುತ್ತಿಗೆ ಮೇಲೆ ಅಡ್ಡ ಇಟ್ಟು, ಬೇಕಾದ ಉದ್ದಕ್ಕೆ ಉಗುರಿನಿಂದ ಗುರುತು ಮಾಡಿ ಮುರಿದು ಕೊಟ್ಟ. ಹೊಸ ನೊಗ ಆ ಕಡ್ಡಿಯ ಅಳತೆಗೇ ಆಗಿದೆ. ಅಡಿಗೆ ಇಂಚಿನ ಲೆಕ್ಕಕ್ಕೆ ಅರ್ಧ ಇಂಚು ಜಾಸ್ತಿ. ದಾವಣಗೆರೆಯವರಿಗೆ ಮಾಡಿಕೊಟ್ಟ ಬಂಡಿಗೂ ಅಪ್ಪ ಅದೇ ಅಳತೆಯ ನೊಗ ಹಾಕಿದರು. ಕಡ್ಡಿಯನ್ನು ಬಿಸಾಡಿಲ್ಲ, ಡಬ್ಬಿಯಲ್ಲಿ ಬೀರುವಿನ ಮೂರನೇ ಡ್ರಾಯರಿನಲ್ಲಿದೆ. ನೋಡಬೇಕು ಅನ್ನುವವರು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ, ಕೈ ತೊಳೆದುಕೊಂಡು ಬನ್ನಿ.